ಬಾಳವ್ವ ಮಾರಿದ ತುತ್ತು

ಈ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲು ಕ್ಷಮೆ ಇರಲಿ. ನಮ್ಮೂರಿನಲ್ಲಿ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಅರ್ಧ ಜನ ಹೇಳುವ ಕಲೆಯನ್ನೇ ಮಾರಿಕೊಂಡು ಬಾಯಿ ಮುಚ್ಚಿ ಕೂತಿದ್ದಾರೆ, ಇನ್ನರ್ಧ ಜನ ಕೊಳ್ಳುವವರು ಸಿಗಲೆಂದು ಕಾಯುತ್ತಿದ್ದಾರೆ. ನಾನೋ ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಹಗಲಿನವರಿಗೆ ಬಡಿಸಿ ಉಳಿದ ಪಾಠವನ್ನು ಬಿಸಿ ಮಾಡಿ ನಮಗೆ ಹಾಕುತ್ತಿದ್ದರು. ಇತಿಹಾಸದ ಮಾಸ್ತರರು ರಾಜರನ್ನು ಪಟ್ಟಕ್ಕೆ ಏರಿಸುತ್ತಿದ್ದರು, ಇಳಿಸುವ ಮೊದಲೇ ಬಸ್ಸು ಹಿಡಿಯಲು ಓಡುತ್ತಿದ್ದರು. ಹಾಗಾಗಿ ನನಗೆ ಎಲ್ಲ ಆಳ್ವಿಕೆಗಳ ಆರಂಭ ಗೊತ್ತು, ಅಂತ್ಯ ಗೊತ್ತಿಲ್ಲ. ಈ ಕಥೆಗೂ ಅದೇ ಗತಿಯಾದರೆ ಮಾಸ್ತರರ ಬಸ್ಸನ್ನು ಬೈಯಿರಿ, ನನ್ನನ್ನಲ್ಲ.

ನಮ್ಮೂರಿನಲ್ಲಿ ಮಾರಿದ್ದು ಮಾರಿದವರ ಹತ್ತಿರ ಉಳಿಯುವುದಿಲ್ಲ. ಎಮ್ಮೆ, ಕೊಡ, ಸೀರೆಗಳ ಮಟ್ಟಿಗೆ ಎಲ್ಲ ಊರೂ ಹಾಗೆಯೇ. ನಮ್ಮಲ್ಲಿ ವಿದ್ಯೆಗೂ ಅದೇ ನಿಯಮ. ಹಿಂದೆ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಬಡಿಗ ಬಾಗಿಲು ಮಾರುತ್ತಿದ್ದ, ಬಡಿಗತನ ಮಾರುತ್ತಿರಲಿಲ್ಲ. ಮಾಸ್ತರರ ಸಂಬಳ ಬಾಡಿಗೆಯ ಬಾಬತ್ತು, ಮಾರಾಟವಲ್ಲ ಎಂದು ಹಿರಿಯರು ಯಾವಾಗಲೋ ತೀರ್ಮಾನಿಸಿಟ್ಟಿದ್ದರು. ಒಬ್ಬಿಬ್ಬರು ಆಸೆಗೆ ಬಿದ್ದು ತಮ್ಮ ಹಾಡನ್ನೋ ಔಷಧಿಯನ್ನೋ ಪರ ಊರಿನವರಿಗೆ ಮಾರಿ, ಮರುದಿನ ಬೆಪ್ಪಾಗಿ ಕಟ್ಟೆಯ ಮೇಲೆ ಕೂತದ್ದುಂಟು. ಜನ ಅವರಿಗೆ ಚಹಾ ಕುಡಿಸಿ, ಬೇರೆ ಕೆಲಸ ಕಲಿಸುತ್ತಿದ್ದರು.

ಅಂಥ ಊರಿಗೆ ಉಲ್ಲಾಸ ಸರ್ ಬಂದರು. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದು, ‘ಮಲಗಿದ್ದಾಗಲೂ ಗಳಿಸಿ’ ಎಂದು ಬೋರ್ಡು ಹಾಕಿದರು. ಆನ್‌ಲೈನಿನಲ್ಲಿ ಮಾರುವ ಸರಕು ತಯಾರಿಸುವುದನ್ನು ಕಲಿಸುತ್ತೇವೆ, ನಿಮ್ಮ ಸರಕನ್ನು ನಾವೇ ಜಾಲತಾಣಕ್ಕೆ ಏರಿಸಿ ಮಾರಿಸುತ್ತೇವೆ ಎಂದರು. ಕೆಳಗೆ ಗಿರಣಿ ಓಡುವಾಗ ಮೇಲಿನ ನೆಲದ ಸಂದಿಯಿಂದ ಹಿಟ್ಟು ಹೊಗೆಯಂತೆ ಏಳುತ್ತಿತ್ತು. ಪಾಠ ಮುಗಿಸಿ ಇಳಿದವರ ತಲೆ, ಹುಬ್ಬು ಬೆಳ್ಳಗಾಗಿರುತ್ತಿದ್ದವು. ಬೀದಿಯಲ್ಲಿ ಬಿಳಿ ಹುಬ್ಬಿನವರು ಕಂಡರೆ ‘ಓ, ಇವರು ಇನ್ನು ಮಲಗಿಕೊಂಡು ಗಳಿಸುವವರು’ ಎಂದು ಜನ ದಾರಿ ಬಿಡುತ್ತಿದ್ದರು.

“ನಿಮ್ಮೊಳಗೆ ಏನಿದೆಯೋ ಅದೇ ನಿಮ್ಮ ಸರಕು” ಎಂದು ಸರ್ ಮೊದಲ ದಿನ ಹೇಳಿದರು. “ಒಂದು ಸಲ ಮಾಡಿ, ಸಾವಿರ ಸಲ ಮಾರಿ. ನೀವು ಮಲಗಿರ್ತೀರಿ, ಫೋನು ಟಿಣ್ ಅನ್ನುತ್ತೆ. ಅಷ್ಟೇ ಜೀವನ.”

ಹಿಂದಿನ ಸಾಲಿನಿಂದ ಗಿರ್ಮಿಟ್ ಅಂಗಡಿಯ ಭೀಮಪ್ಪ ಕೇಳಿದ: “ಆಮ್ಯಾಲೆ ಒಳಗ ಏನ್ ಉಳಿತೈತ್ರೀ ಸರ?”

“ಟಿಣ್ ಉಳಿಯುತ್ತೆ” ಎಂದರು ಸರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅರ್ಥವಾಗದಿದ್ದಾಗ ಜೋರಾಗಿ ಚಪ್ಪಾಳೆ ತಟ್ಟುವುದನ್ನು ಸಂಜೆ ಕಾಲೇಜು ಚೆನ್ನಾಗಿ ಕಲಿಸಿತ್ತು.

ಭೀಮಪ್ಪನೇ ಮೊದಲು ಮಾರಿಕೊಂಡವನು. ‘ಗಿರ್ಮಿಟ್ಟಿನ ಗುಟ್ಟು’ ಎಂಬ ಅವನ ಪಿಡಿಎಫ್‌ನ ಮೊದಲ ಪ್ರತಿ ಖರ್ಚಾದ ಸಂಜೆ ಅವನು ಚುರುಮುರಿಯ ಪಾತ್ರೆಯ ಮುಂದೆ ಜಲ್ಲಿಕಲ್ಲು ನೋಡುವವನಂತೆ ನಿಂತುಬಿಟ್ಟ. ಗಿರಾಕಿಗಳೇ ಈರುಳ್ಳಿ ಹೆಚ್ಚಿ, ಹುಣಸೆ ರಸ ಹಾಕಿ, ಕಲಸಿಕೊಂಡು ತಿಂದು, ಅವನಿಗೂ ಒಂದು ಪೊಟ್ಟಣ ಕೊಟ್ಟರು. “ಛಲೋ ಐತಲ್ಲ, ಯಾರ ಮಾಡಿದ್ದು?” ಎಂದು ಕೇಳಿದ ಭೀಮಪ್ಪ. ಲಗ್ನಪತ್ರಿಕೆಯ ಚಿತ್ರ ಬರೆದುಕೊಡುತ್ತಿದ್ದ ಡ್ರಾಯಿಂಗ್ ಮಾಸ್ತರರು ತಮ್ಮ ನಮೂನೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮಾರಿದ ಮೇಲೆ ಗಣಪತಿಗೆ ಸೊಂಡಿಲು ಎಲ್ಲಿ ಬರುತ್ತದೆಂದು ಮಕ್ಕಳನ್ನು ಕೇಳತೊಡಗಿದರು. ದಾನಮ್ಮ ತನ್ನ ನಗುವನ್ನು ರಿಂಗ್‌ಟೋನ್ ಮಾಡಿ ಮಾರಿದಳು. ಈಗಲೂ ಯಾರದೋ ಜೇಬಿನಲ್ಲಿ ಆ ನಗು ಗಲಗಲ ಎಂದರೆ ದಾನಮ್ಮ ಗಂಭೀರವಾಗಿ ತಿರುಗಿ ನೋಡಿ, “ಯಾರ ಪಾಪ, ಇಷ್ಟ ನಗಾಕತ್ತಾರ” ಎನ್ನುತ್ತಾಳೆ.

ಹೋದದ್ದು ಹಿಂದೆ ಬರಲು ಒಂದೇ ದಾರಿ ಇತ್ತು. ಕೊಂಡವರು ಮನಸಾರೆ ಬೈದು ಸರಕನ್ನು ವಾಪಸ್ ಮಾಡಬೇಕು. ಸಂಬಂಧಿಕರಿಂದ ಕೊಳ್ಳಿಸಿ, ಸುಳ್ಳೇ ಬೈಸಿ, ವಾಪಸ್ ಮಾಡಿಸಿದರೆ ನಡೆಯುತ್ತಿರಲಿಲ್ಲ. ಬೈಗುಳ ಹೊಟ್ಟೆಯೊಳಗಿಂದ ಬರಬೇಕು. ಭೀಮಪ್ಪನ ಪುಣ್ಯಕ್ಕೆ ಎಲ್ಲಿಯದೋ ಊರಿನ ಒಬ್ಬ ಗೃಹಸ್ಥ, ‘ಇದು ಗಿರ್ಮಿಟ್ಟೋ ದನದ ಮೇವೋ, ನನ್ನ ಹೆಂಡತಿ ನನ್ನ ಮೇಲೆ ಎರಚಿದಳು’ ಎಂದು ಬರೆದು ವಾಪಸ್ ಮಾಡಿದ. ವಾಪಸ್ ಮಂಜೂರಾದ ಕ್ಷಣವೇ ಭೀಮಪ್ಪನ ಕೈ ತಾನಾಗಿ ಈರುಳ್ಳಿಗೆ ಹೋಯಿತು. ಅವನು ಓಣಿಗೆಲ್ಲ ಸಕ್ಕರೆ ಹಂಚಿ, ಆ ಬೈಗುಳಕ್ಕೆ ಕಟ್ಟು ಹಾಕಿಸಿ, ಅಂಗಡಿಯಲ್ಲಿ ದೇವರ ಫೋಟೋದ ಪಕ್ಕ ತೂಗುಹಾಕಿದ. ಅಂದಿನಿಂದ ನಮ್ಮೂರಿನಲ್ಲಿ ಹಿರಿಯರ ಕಾಲಿಗೆ ಬಿದ್ದರೆ ‘ನಿನ್ನ ಸರಕು ವಾಪಸ್ ಬರಲಿ’ ಎಂದು ಹರಸುವುದು, ನಳದ ಕಟ್ಟೆಯಲ್ಲಿ ಜಗಳ ಬಿದ್ದರೆ ‘ನಿನಗ ಐದು ಸ್ಟಾರ್ ಬೀಳಲಿ’ ಎಂದು ಮಣ್ಣು ತೂರುವುದು ರೂಢಿಯಾಯಿತು.

ಆ ಬೈಗುಳಗಳನ್ನು ಓದುವ ಕೆಲಸ ನನ್ನದು. ಬಿ.ಎ. ಆಗಿದೆ, ಕಾಗುಣಿತ ತಪ್ಪುವುದಿಲ್ಲ ಎಂದು ಸರ್ ನನ್ನನ್ನು ದೂರು ವಿಭಾಗಕ್ಕೆ ಸೇರಿಸಿಕೊಂಡಿದ್ದರು. ವಿಭಾಗವೆಂದರೆ ನಾನು, ಒಂದು ಕಂಪ್ಯೂಟರು, ಹಿಟ್ಟು ಒರೆಸಲು ಒಂದು ಹಳೇ ಬನಿಯನ್ನು. ಎಲ್ಲ ದೂರಿಗೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ಉತ್ತರಿಸಬೇಕು. ವಾಪಸ್ ಮಂಜೂರು ಮಾಡುವ ಗುಂಡಿ ಮಾತ್ರ ಸರ್ ಅವರ ಲ್ಯಾಪ್‌ಟಾಪಿನಲ್ಲಿತ್ತು. ಅವರು ಅದನ್ನು ಒತ್ತುವುದು ಅಪರೂಪ. ಪ್ರತಿ ಉತ್ತರ ಕಳಿಸುವ ಮೊದಲು ನಾನು ಅದನ್ನು ಮತ್ತೆ ಮತ್ತೆ ಓದುತ್ತಿದ್ದೆ, ‘ಅಮೂಲ್ಯ’ ಎಂದರೆ ಬೆಲೆಯೇ ಇಲ್ಲದ್ದು ಎಂದು ಯಾರಾದರೂ ತಿಳಿದುಕೊಂಡಾರೆಂದು ಹೆದರುತ್ತಿದ್ದೆ.

ಜನ ಹೊಂದಿಕೊಳ್ಳುತ್ತಾರೆ. ಇದ್ದದ್ದನ್ನು ಮಾರಿದರೆ ಹೋಗುತ್ತದೆ ಎಂದಾದ ಮೇಲೆ ಬುದ್ಧಿವಂತರು ಇಲ್ಲದ್ದನ್ನು ಮಾರತೊಡಗಿದರು. ಬೋಳುತಲೆಯ ಅಡಿವೆಪ್ಪ ಕೂದಲು ಬೆಳೆಸುವ ಪುಸ್ತಕ ಮಾಡಿದ. ಮೂರು ಸಲ ಹೆಣ್ಣು ನೋಡಿ ಮೂರು ಸಲವೂ ಚಹಾ ಕುಡಿದು ಬಂದ ಸಂಗಪ್ಪ ಸುಖೀ ದಾಂಪತ್ಯದ ವಿಡಿಯೋ ಮಾಡಿದ. ಇವರಿಗೆ ಕೂದಲೆಳೆಯಷ್ಟೂ ನಷ್ಟವಾಗಲಿಲ್ಲ. ಇನ್ನು ಕೆಲವರು ಬೇಡವಾದದ್ದನ್ನು ಮಾರಿದರು. ಗಿರಣಿಯ ಮಾಲೀಕ ಶಿವರುದ್ರಪ್ಪ ತನ್ನ ಗೊರಕೆಯನ್ನು ‘ಗಾಢ ವಿಶ್ರಾಂತಿಯ ನಾದ’ ಎಂದು ಮಾರಿದ. ಪರ ಊರುಗಳಲ್ಲಿ ಅದಕ್ಕೆ ಭಾರೀ ಬೇಡಿಕೆ. ಅವನ ಹೆಂಡತಿಗೆ ಮಾತ್ರ ಆ ಸದ್ದಿಲ್ಲದೆ ನಿದ್ದೆ ಬಾರದೆ, ಅವಳೂ ಒಂದು ಪ್ರತಿ ಕೊಂಡು ಕಿವಿಗೆ ಹಾಕಿಕೊಂಡು ಮಲಗುತ್ತಿದ್ದಳು.

ಎಲ್ಲರಿಗಿಂತ ಸುರಕ್ಷಿತವಾಗಿದ್ದವರು ಉಲ್ಲಾಸ ಸರ್. ಆನ್‌ಲೈನಿನಲ್ಲಿ ಗಳಿಸುವುದು ಹೇಗೆ ಎಂಬ ಪಾಠವನ್ನು ತಿಂಗಳು ತಿಂಗಳೂ ಮಾರಿದರೂ ಅವರು ಏನನ್ನೂ ಮರೆಯಲಿಲ್ಲ. ಊರಿನವರು ಅದನ್ನು ಪವಾಡ ಎಂದರು. ನನಗೆ ಬೇರೆ ಕಾರಣ ತೋಚಿತ್ತು. ಸಂಜೆ ಕಾಲೇಜಿನವಳ ಮಾತು ಯಾರಿಗೆ ಬೇಕು ಎಂದು ಸುಮ್ಮನಿದ್ದೆ.

ಈಗ ಬಾಳವ್ವನ ಮಾತಿಗೆ ಬರುತ್ತೇನೆ. ಬಾಳವ್ವ ನಮ್ಮ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ. ಊರಿನಲ್ಲಿ ಸಾವಾದಾಗ ಮಣ್ಣು ಮಾಡಿ ಬಂದ ಮೇಲೆ ನೆರೆಯವರು ರೊಟ್ಟಿ ಬೇಳೆ ತಂದಿಡುತ್ತಾರೆ, ಮನೆಯವರು ಉಣ್ಣುವುದಿಲ್ಲ. ಆಗ ಬಾಳವ್ವನನ್ನು ಕರೆಯುತ್ತಿದ್ದರು. ಅವಳು ಬಂದು ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ತಾಟಿನ ಸದ್ದು ಕೇಳುತ್ತಿತ್ತು. ಉಣ್ಣುವುದಿಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಂಡವರೂ ಅವಳ ಮುಂದೆ ಉಂಡಿದ್ದಾರೆ. ಒಳಗೆ ಏನು ಮಾಡುತ್ತಿದ್ದಳೋ ಯಾರಿಗೂ ತಿಳಿಯದು. ಉಂಡವರನ್ನು ಕೇಳಿದರೆ, “ಏನೋ ಮಾತಾಡಿದಳವ್ವ, ನೆನಪಿಲ್ಲ” ಎನ್ನುತ್ತಿದ್ದರು.

ಇಷ್ಟು ದೊಡ್ಡ ಉಪಕಾರಕ್ಕೆ ಊರು ಅವಳಿಗೆ ಕೊಟ್ಟ ಬಹುಮಾನ ಏನೆಂದರೆ, ಅವಳನ್ನು ಮದುವೆಗೆ ಕರೆಯದಿರುವುದು. ಗಂಡ ಫಕೀರಪ್ಪ ಗಟ್ಟಿಮುಟ್ಟಾಗಿದ್ದಾನೆ, ಹಣೆಯ ಕುಂಕುಮ ಕಾಸಿನಗಲ. ಆದರೂ ಬಾಳವ್ವ ಬೀದಿಗೆ ಬಂದಳೆಂದರೆ ‘ಯಾರ ಮನಿ?’ ಎಂದು ಜನ ಕೇಳುತ್ತಿದ್ದರು. ಮದುಮಗಳ ತಾಯಂದಿರು ಅವಳನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಲಗ್ನಪತ್ರಿಕೆ ಕೊಡಲು ಬಂದವರು ಫಕೀರಪ್ಪನ ಕೈಗಿಟ್ಟು, “ನೀವೊಬ್ರ ಬರ್ರಿ ಕಾಕಾ, ಅವ್ವಗ ತ್ರಾಸ ಕೊಡಬ್ಯಾಡ್ರಿ” ಎನ್ನುತ್ತಿದ್ದರು. ಅವನು ಒಬ್ಬನೇ ಹೋಗಿ ಉಂಡು, ಕರವಸ್ತ್ರದಲ್ಲಿ ಒಂದು ಲಾಡು ಕಟ್ಟಿಕೊಂಡು ಬರುತ್ತಿದ್ದ. ಬಾಳವ್ವ ಅದನ್ನು ಬಿಚ್ಚಿ ನೋಡಿ ಕಟ್ಟಿಗೆಯ ಗೂಡಿನಲ್ಲಿಟ್ಟು, ಇರುವೆಗಳಿಗೆ ಮದುವೆ ಮಾಡಿಸುತ್ತಿದ್ದಳು.

ಒಂದು ದಿನ ಅವಳು ತಾನಾಗಿಯೇ ಗಿರಣಿಯ ಮೆಟ್ಟಿಲು ಹತ್ತಿ ಬಂದಳು. ಸರ್ ಹಿಗ್ಗಿ, ಕುರ್ಚಿ ಒರೆಸಿ ಕೊಟ್ಟು, “ಅಮ್ಮಾ, ನಿಮ್ಮ ವಿದ್ಯೆ ಲೋಕಕ್ಕೇ ಬೇಕು” ಎಂದರು.

“ಲೋಕಕ್ಕ ಬೇಕೋ ಬ್ಯಾಡೋ ನನಗ ಗೊತ್ತಿಲ್ಲ. ನನಗಂತೂ ಬ್ಯಾಡಾಗೇತಿ” ಎಂದಳು ಬಾಳವ್ವ. “ಮಾರಿದ್ರ ಹೋಗತೈತಲ್ಲ? ಒಂದ ಚೂರೂ ಉಳಿಯಂಗಿಲ್ಲಲ್ಲ?”

ನಾನು ಮೆಲ್ಲಗೆ, “ದೊಡ್ಡವ್ವ, ಇನ್ನೊಮ್ಮೆ ವಿಚಾರ ಮಾಡು” ಎಂದೆ.

“ನೀ ವಿಚಾರ ಮಾಡ್ಕೋಂತ ಕೂಡ್ರು, ಬಿ.ಎ. ಮಾಡಿದಾಕಿ. ನನಗ ಸಾಯೂದರಾಗ ಒಂದ ಮದಿವ್ಯಾಗ ಅರಿಷಿಣ ಹಚ್ಚಬೇಕಾಗೇತಿ.”

ಧ್ವನಿ ಮುದ್ರಿಸಲು ಗಿರಣಿಯನ್ನು ನಿಲ್ಲಿಸಬೇಕಾಯಿತು. ಜೋಳದ ಬುಟ್ಟಿ ಹೊತ್ತು ಸಾಲಿನಲ್ಲಿ ನಿಂತ ಹೆಂಗಸರು ಸರ್ ಅವರ ವಂಶವನ್ನು ಜಾಲಾಡಿದರು. ರೂಢಿಯಂತೆ ಬಾಳವ್ವ ನನ್ನನ್ನೂ ಹೊರಗೆ ಕಳಿಸಿದಳು. ಒಳಗೆ ಸರ್ ಮತ್ತು ಅವಳು ಇಬ್ಬರೇ. ಹೊರಬಂದಾಗ ಸರ್ ಅವರ ಮುಖ ಸಪ್ಪಗಿತ್ತು. “ಏನೋ ಒಂದು ಚಿಕ್ಕ ವಿಷಯ ಹೇಳಿದರು ಕಣಮ್ಮ. ಎರಡು ನಿಮಿಷವೂ ಬರಲ್ಲ. ಇದನ್ನು ಕೊಟ್ಟರೆ ಯಾರು ಕೊಳ್ತಾರೆ? ಅದನ್ನು ತೆಗೆದು, ಅವರದೇ ದನಿಯಲ್ಲಿ ಬೇರೆ ಓದಿಸಿದ್ದೀನಿ” ಎಂದರು. ‘ದುಃಖದಿಂದ ಊಟದೆಡೆಗೆ: ಹನ್ನೊಂದು ಹೆಜ್ಜೆಗಳು’ ಎಂದು ಅದಕ್ಕೆ ಹೆಸರಿಟ್ಟರು. ಆಳವಾಗಿ ಉಸಿರೆಳೆದುಕೊಳ್ಳಿ, ಕನ್ನಡಿಯ ಮುಂದೆ ನಿಂತು ನಿಮ್ಮನ್ನು ನೋಡಿ ನೀವೇ ನಗಿ, ಅನ್ನದ ಪ್ರತಿ ಅಗುಳಿಗೂ ಧನ್ಯವಾದ ಹೇಳಿ. ಹಿನ್ನೆಲೆಯಲ್ಲಿ ಕೊಳಲು. ನಾನು ಕಾಗುಣಿತ ತಿದ್ದಿಕೊಟ್ಟೆ.

ಮೊದಲ ಪ್ರತಿ ಮಾರಾಟವಾದ ವಾರವೇ ಕುಂಬಾರ ಓಣಿಯಲ್ಲಿ ಒಂದು ಸಾವಾಯಿತು. ಬಾಳವ್ವ ಕರೆಗೆ ಹೋಗಿ, ಬಾಗಿಲು ಮುಂದೆ ಮಾಡಿ ಕೂತು, ಬರಿಗೈಯಲ್ಲಿ ಹೊರಬಂದಳು. “ಏನೂ ತಿಳಿಯವಲ್ದು ನನಗ. ತಲಿ ಖಾಲಿ ಖಾಲಿ” ಎಂದಳು. ಮುಖದಲ್ಲಿ ಮಾತ್ರ ಎಂಥದೋ ಕಳೆ. ಆ ಮನೆಯವರನ್ನು ಬೈದು, ಗದರಿಸಿ, ಆಣೆ ಹಾಕಿ ಉಣ್ಣಿಸಲು ಓಣಿಗೆ ಓಣಿಯೇ ಹೆಣಗಬೇಕಾಯಿತು. ಸುದ್ದಿ ಹಬ್ಬಿತು: ಬಾಳವ್ವನ ಕೈಯಿಂದ ಅದು ಹೋಯಿತಂತೆ. ಆ ತಿಂಗಳೇ ಅವಳನ್ನು ಒಂದು ತೊಟ್ಟಿಲ ಕಾರ್ಯಕ್ಕೆ ಕರೆದರು, ಆಮೇಲೆ ಒಂದು ಸೀಮಂತಕ್ಕೆ. ಕೊನೆಗೆ ಶಿವರುದ್ರಪ್ಪನ ಹೆಂಡತಿ ಮನೆಗೇ ಬಂದು, ನಮ್ಮ ಹುಡುಗಿಗೆ ಅರಿಷಿಣ ಹಚ್ಚುವ ಐದು ಮುತ್ತೈದೆಯರಲ್ಲಿ ನೀವೂ ಒಬ್ಬರು ಎಂದು ಕುಂಕುಮ ಹಚ್ಚಿ ಹೋದಳು. ಫಕೀರಪ್ಪ ಹಸಿರು ಸೀರೆ ತಂದುಕೊಟ್ಟ. ಬಾಳವ್ವ ಅದನ್ನು ದಿನಕ್ಕೊಂದು ಸಲ ಬಿಚ್ಚಿ ಮಡಿಸಿ ಇಡುತ್ತಿದ್ದಳು. ಪರ ಊರುಗಳಿಂದ ಅವಳ ಸರಕಿಗೆ ಐದು ಸ್ಟಾರ್‌ಗಳೇ ಬೀಳುತ್ತಿದ್ದವು. ಕೊಂಡವರಲ್ಲಿ ಯಾರ ಮನೆಯಲ್ಲೂ ಸಾವಾಗಿರಲಿಲ್ಲ, ಕೊಳಲು ಚೆನ್ನಾಗಿದೆ ಎಂದು ಬರೆದಿದ್ದರು. ನಮ್ಮೂರಿನವರ ಬಾಯಲ್ಲಿ ಶಾಪವಾದದ್ದು ಅವಳಿಗೆ ವರವಾಗಿತ್ತು.

ಆ ಮದುವೆಯ ವಾರದಲ್ಲೇ ನನ್ನ ತಂಗಿ ಚಂದ್ರವ್ವನ ಗಂಡ ಬಸಲಿಂಗ ಹೋದ. ಟೆಂಪೋ ನಡೆಸುತ್ತಿದ್ದವನು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಸ್ಟೇರಿಂಗಿಗೆ ಹಣೆಯಿಟ್ಟು ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಚಂದ್ರವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ನೀರು ಗುಟುಕರಿಸಿದರೆ ಹೆಚ್ಚು. ಬೈದೆವು, ಅತ್ತೆವು, ಆಣೆ ಹಾಕಿದೆವು. ಡಾಕ್ಟರರು ಬಂದು ಸಲಾಯಿನ್ ಏರಿಸಿ, “ಇದು ಎಷ್ಟು ದಿನ ನಡೆದೀತು? ಬಾಯಿಂದ ಉಣ್ಣಬೇಕು. ಇಲ್ಲದಿದ್ದರೆ ನನ್ನನ್ನು ಕೇಳಬೇಡಿ” ಎಂದು ಹೋದರು. ಅವಳ ಕೈ ಆಗಲೇ ಒಣಗಿದ ಹೂವಿನ ದಂಟಿನಂತಾಗಿತ್ತು.

ನಾನು ‘ಹನ್ನೊಂದು ಹೆಜ್ಜೆಗಳು’ ಕೊಂಡೆ. ಸಿಬ್ಬಂದಿಗೆ ರಿಯಾಯಿತಿ ಇರಲಿಲ್ಲ. ಫೋನನ್ನು ಚಂದ್ರವ್ವನ ತಲೆದಿಂಬಿನ ಬಳಿ ಇಟ್ಟು ಹಚ್ಚಿದೆ. ಬಾಳವ್ವನ ದನಿ ಬಂತು, ಕೊಳಲು ಬಂತು. ಏಳನೆಯ ಹೆಜ್ಜೆಯಲ್ಲಿ ಕನ್ನಡಿಯ ಮುಂದೆ ನಿಂತು ನಗಬೇಕು ಎಂದು ಬಂದಾಗ ಚಂದ್ರವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಆ ನೋಟಕ್ಕೆ ನನ್ನ ಬಿ.ಎ. ಎಲ್ಲ ನೀರಾಯಿತು. ಫೋನು ಆರಿಸಿ, ಗಿರಣಿಯ ಮೆಟ್ಟಿಲು ಹತ್ತಿ, ಗ್ರಾಹಕಳಾಗಿ ದೂರು ಬರೆದೆ. ‘ನಿಮ್ಮ ಸರಕನ್ನು ಕೇಳಿಸಿದೆ. ನನ್ನ ತಂಗಿ ಉಣ್ಣಲಿಲ್ಲ. ವಾಪಸ್ ತೆಗೆದುಕೊಳ್ಳಿ.’ ಇದಕ್ಕಿಂತ ಮನಸಾರೆ ನಾನು ಯಾವ ವಾಕ್ಯವನ್ನೂ ಬರೆದಿಲ್ಲ. ಬಳಿಕ ಕುರ್ಚಿಯನ್ನು ಈಚೆ ಎಳೆದುಕೊಂಡು, ದೂರು ವಿಭಾಗದವಳಾಗಿ ಅದನ್ನೇ ಓದಿ, ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ನನಗೆ ನಾನೇ ಉತ್ತರ ಬರೆದು, ಸರ್ ಅವರ ಮಂಜೂರಾತಿಗೆ ಕಳಿಸಿದೆ.

ಕಳಿಸಿದ ಮೇಲೆ ಲೆಕ್ಕ ಹಾಕಿದೆ. ಮಂಜೂರಾದರೆ ಬಾಳವ್ವನ ವಿದ್ಯೆ ಅವಳಿಗೆ ಮರಳುತ್ತದೆ. ಅದೂ ಅರಿಷಿಣ ಹಚ್ಚುವ ದಿನವೇ. ಹೇಳದೆ ಹೀಗೆ ಮಾಡಬಹುದೇ? ಓಡಿದೆ. ಬಾಳವ್ವ ಹಸಿರು ಸೀರೆ ಉಟ್ಟು, ಕನ್ನಡಿಯ ಮುಂದೆ ಕುಂಕುಮ ತೀಡಿಕೊಳ್ಳುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳ ಕೈ ಕನ್ನಡಿಯ ಮುಂದೆಯೇ ನಿಂತಿತು.

“ಎಷ್ಟ ವರ್ಷ ಸಾವಿನ ಮನ್ಯಾಗ ಕೂತೇನಿ, ನಿನಗ ಗೊತ್ತೈತೇನ?” ಎಂದಳು. “ಒಂದ ದಿನ ಅರಿಷಿಣದ ಮನ್ಯಾಗ ಕೂಡ್ರಾಕ ಬಿಡಂಗಿಲ್ಲೇನ ನನ್ನ?”

“ಚಂದ್ರಿ ಸಾಯ್ತಾಳ ದೊಡ್ಡವ್ವ.”

“ನಾ ಬರ್ತಿದ್ದಿಲ್ಲೇನ? ಬಂದ್ರ ಏನ ಮಾಡ್ಲಿ? ನನ್ನ ಹಂತ್ಯಾಕ ಏನೂ ಇಲ್ಲ. ಬಾಯಾಗ ಒಂದ ಮಾತ ಇಲ್ಲ.” ಅವಳ ಕಣ್ಣು ತುಂಬಿದವು. “ವಾಪಸ್ ತರಬ್ಯಾಡ. ನಿನ್ನ ಕಾಲ ಬೀಳ್ತೀನಿ, ತರಬ್ಯಾಡ.”

ದೊಡ್ಡವ್ವನ ಬಾಯಿಂದ ಕಾಲಿಗೆ ಬೀಳುವ ಮಾತು ಕೇಳಿದ ಮೇಲೆ ನಿಲ್ಲಲಾರದೆ ತಿರುಗಿ ಗಿರಣಿಗೆ ಓಡಿದೆ. ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಇನ್ನೊಂದು ಕೋರಿಕೆ ಬರೆದೆ. ಬರೆಯುತ್ತಲೇ ತಂಗಿಯನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು, ಅಳಿಸಿದೆ. ಬಾಳವ್ವನನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು, ಮತ್ತೆ ಬರೆದೆ. ಕೊನೆಗೆ ಎರಡೂ ಕೋರಿಕೆಗಳು ಸರ್ ಅವರ ಪರದೆಯ ಮೇಲೆ ಒಂದರ ಕೆಳಗೊಂದು ನಿಂತವು. ಅವರೇ ನಿರ್ಧರಿಸಲಿ ಎಂದು ಒಳಗೆ ಹೋದೆ. ನನ್ನಂಥವರು ಹೀಗೆಯೇ, ಭಾರ ಹೊರಲಾಗದಿದ್ದರೆ ಯಾವ ಗೂಟ ಕಂಡರೂ ತೂಗುಹಾಕುತ್ತೇವೆ.

ಉಲ್ಲಾಸ ಸರ್ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದರು. ಆಗಿದ್ದು ಇಷ್ಟು. ಊರಿಡೀ ಜನರ ಸರಕು ಮಾರಿಸಿ ಮಾರಿಸಿ, ಅವರಿಗೇ ತಿಳಿಯದಂತೆ, ಆ ಕಸುಬು ಅವರಿಗೆ ನಿಜವಾಗಿಯೂ ಬಂದುಬಿಟ್ಟಿತ್ತು. ಅದನ್ನು ಗಮನಿಸದೆ ಅವರು ‘ನಾನು ಗಳಿಸಿದ್ದು ಹೀಗೆ’ ಎಂದು ಹೊಸ ಪಾಠ ಮಾಡಿ ಅಂದು ಬೆಳಿಗ್ಗೆ ಮಾರಾಟಕ್ಕಿಟ್ಟಿದ್ದರು. ಫೋನು ಟಿಣ್ ಎಂದಿತ್ತು.

“ಸರ್, ಎರಡು ಕೋರಿಕೆ ಇವೆ. ಯಾವುದಾದರೂ ಒಂದನ್ನು...”

ಅವರು ಮಗುವಿನಂತೆ ಪರದೆಯನ್ನು ನೋಡಿದರು. “ಇದೇನಮ್ಮ, ಬೆಳಕು ಬರ್ತಾ ಇದೆ? ಇದನ್ನು ಎಲ್ಲಿ ಒತ್ತಬೇಕು?” ಎಂದರು. ನಾನು ಹೇಳುವ ಮೊದಲೇ ಇಡೀ ಅಂಗೈಯನ್ನು ಕೀಲಿಗಳ ಮೇಲೆ ಊರಿದರು. ಪರದೆ ಒಮ್ಮೆ ಮಿನುಗಿತು. ಎರಡೂ ಸಾಲುಗಳು ಮಾಯವಾದವು. ಮಂಜೂರಾದವೋ, ರದ್ದಾದವೋ, ಅಳಿಸಿಹೋದವೋ ತಿಳಿಯಲಿಲ್ಲ. ಸರ್ ಖುಷಿಯಿಂದ, “ಚೆನ್ನಾಗಿದೆ ಇದು” ಎಂದರು. ಕೆಳಗೆ ಗಿರಣಿ ಶುರುವಾಯಿತು, ಹಿಟ್ಟು ಎದ್ದು ಅವರ ಹುಬ್ಬಿನ ಮೇಲೆ ಕೂತಿತು.

ಚಂದ್ರವ್ವನ ಮನೆಗೆ ಬಂದು ಹೊಸ್ತಿಲ ಬಳಿ ಕೂತೆ. ದೂರದಲ್ಲಿ ಮದುವೆಯ ವಾಲಗ ಕೇಳುತ್ತಿತ್ತು. ಅದು ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಹಿಡಿಯುವಷ್ಟರಲ್ಲಿ ಬೀದಿಯಲ್ಲಿ ಹಸಿರು ಸೀರೆ ಕಂಡಿತು. ಬಾಳವ್ವ. ಮೊಣಕೈತನಕ ಅರಿಷಿಣ, ಕೆನ್ನೆಗೂ ಯಾರೋ ಮೆತ್ತಿದ್ದರು. ಅರಿಷಿಣ ತೊಳೆಯದೆ ಮದುವೆಯ ಮನೆಯಿಂದ ಸಾವಿನ ಮನೆಗೆ ಬಂದವರನ್ನು ನಾನು ಕಂಡಿರಲಿಲ್ಲ. ಊರೂ ಕಂಡಿರಲಿಲ್ಲ, ಅವಳ ಹಿಂದೆಯೇ ಕಿಟಕಿಗಳು ತೆರೆಯುತ್ತ ಬಂದವು.

ಅವಳು ಯಾರನ್ನೂ ಹೊರಗೆ ಹೋಗೆನ್ನಲಿಲ್ಲ. ಬಾಗಿಲನ್ನೂ ಮುಂದೆ ಮಾಡಲಿಲ್ಲ. ಚಂದ್ರವ್ವನ ಬಳಿ ಕಾಲು ಚಾಚಿ ಕೂತು, ತನ್ನ ಹಳದಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಏನೋ ಹೇಳುತ್ತಾಳೆ ಎಂದು ನಾನು ಕಿವಿಗೊಟ್ಟೆ. “ಚಂದ್ರೀ, ನಾ ಹಸದೇನವ್ವ. ನಿಮ್ಮ ಮನ್ಯಾಗ ಏನರ ಐತೇನ?” ಎಂದಳು.

ಚಂದ್ರವ್ವ ಗೋಡೆಯ ಕಡೆಯೇ, ಕೇಳಿಸದಷ್ಟು ಸಣ್ಣಗೆ, “ಮದಿವಿ ಊಟ?” ಎಂದಳು.

“ಹೋಳಿಗಿ ಬಡಸಾಕತ್ತಿದ್ರು. ತುಪ್ಪದ ವಾಸನಿ ಇನ್ನೂ ಮೂಗಿನ್ಯಾಗ ಐತಿ ನೋಡು. ಬಿಟ್ಟ ಬಂದೆ.”

“ಹೋಳಿಗಿ ಬಿಟ್ಟ ಬಂದ್ಯಾ?” ಚಂದ್ರವ್ವ ಈಚೆ ತಿರುಗಿದಳು. ಹಸಿರು ಸೀರೆ ನೋಡಿದಳು, ಅರಿಷಿಣ ನೋಡಿದಳು. “ಹುಚ್ಚಿ ಏನ ನೀ, ದೊಡ್ಡವ್ವ.”

“ಹೂಂ. ಇದ್ರ ರೊಟ್ಟಿ ಕೊಡು.”

ಹಸಿದು ಬಂದವರನ್ನು ಹಾಗೇ ಕೂರಿಸುವುದು ಹೇಗೆ? ಚಂದ್ರವ್ವ ಗೋಡೆ ಹಿಡಿದು ಎದ್ದಳು. ನಾನು ಏಳಹೋದರೆ ಬಾಳವ್ವ ಕಣ್ಣಲ್ಲೇ ಕೂರಿಸಿದಳು. ರೊಟ್ಟಿ, ಬೇಳೆ ತಾಟಿಗೆ ಬಂದವು. “ರೊಟ್ಟಿ ಗಡಚ ಆಗ್ಯಾವ” ಎಂದಳು ಚಂದ್ರವ್ವ. “ನನ್ನ ಹಲ್ಲು ಇನ್ನೂ ಅದಾವ. ಕೈ ಅರಿಷಿಣ ಆಗ್ಯಾವ, ನೀನ ಮುರದ ಹಾಕು” ಎಂದು ಬಾಳವ್ವ ಬಾಯಿ ತೆರೆದಳು. ಊರಿಗೆಲ್ಲ ಉಣ್ಣಿಸಿದವಳ ಬಾಯಿಗೆ ಚಂದ್ರವ್ವ ತುತ್ತಿಟ್ಟಳು.

ಬಾಳವ್ವ ಅಗಿದಳು, ಮುಖ ಹಿಂಡಿದಳು. “ಬ್ಯಾಳ್ಯಾಗ ಉಪ್ಪ ಹೆಚ್ಚಾಗೇತಲ್ಲವ್ವ.”

“ಹೆಚ್ಚಾ?” ಚಂದ್ರವ್ವ ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡಳು. “ಎಲ್ಲೈತಿ ಉಪ್ಪ? ಸಪ್ಪಗ ಐತಿ!”

“ಬೆರಳಿಗೆ ತಿಳಿತೈತೇನ? ರೊಟ್ಟಿ ಹಚ್ಚಿ ನೋಡು.”

ಚಂದ್ರವ್ವ ಒಂದು ಚೂರು ರೊಟ್ಟಿ ಹಚ್ಚಿ ತಿಂದಳು. ನಿಧಾನ ಅಗಿದಳು. ಖಾತ್ರಿಯಾಗಲೆಂದು ಇನ್ನೊಂದು ಚೂರು. “ಏನ ಹೆಚ್ಚಾಗಿಲ್ಲ. ನಿನ್ನ ನಾಲಿಗಿ ಕೆಟ್ಟೈತಿ” ಎಂದಳು, ಅಷ್ಟರಲ್ಲಿ ಅಳು ಬಂತು, ಅಳುತ್ತಲೇ ಅಗಿದಳು. ಬಾಳವ್ವ ಅರಿಷಿಣದ ಕೈಯಿಂದಲೇ ಅವಳ ಬೆನ್ನು ಸವರಿದಳು. ಚಂದ್ರವ್ವನ ಬಿಳಿ ಕುಪ್ಪಸದ ಮೇಲೆ ಐದು ಹಳದಿ ಬೆರಳು ಮೂಡಿದವು.

ಬೇಳೆಗೆ ಉಪ್ಪು ನಿಜಕ್ಕೂ ಹೆಚ್ಚಾಗಿರಲಿಲ್ಲ. ಅದನ್ನು ಮಾಡಿದವಳು ನಾನು. ಹೆದರುವವರ ಕೈ ಉಪ್ಪಿಗೆ ಯಾವಾಗಲೂ ಹಿಂದೇಟು ಹಾಕುತ್ತದೆ.

ಈಗ ಚಂದ್ರವ್ವ ಉಣ್ಣುತ್ತಾಳೆ, ಟೆಂಪೋ ಕಲಿಯುತ್ತಿದ್ದಾಳೆ, ಎರಡು ಕಂಬಗಳಿಗೆ ಗುದ್ದಿದ್ದಾಳೆ. ಉಲ್ಲಾಸ ಸರ್ ಕೆಳಗಿನ ಗಿರಣಿಯಲ್ಲಿ ಬುಟ್ಟಿ ಎತ್ತಿಕೊಡುತ್ತಾರೆ; ಒಳ್ಳೆಯ ಕೆಲಸಗಾರ ಎಂದು ಹೆಂಗಸರು ಹೊಗಳುತ್ತಾರೆ, ಅದು ಅವರಿಗೆ ಸಿಕ್ಕ ಮೊದಲ ಪ್ರಾಮಾಣಿಕ ಐದು ಸ್ಟಾರ್. ಬಾಳವ್ವನನ್ನು ಮತ್ತೆ ಯಾರೂ ಮದುವೆಗೆ ಕರೆದಿಲ್ಲ. ಫಕೀರಪ್ಪ ಒಬ್ಬನೇ ಹೋಗಿ ಲಾಡು ತರುತ್ತಾನೆ. ಈಗ ಅದನ್ನು ಅವಳು ಇರುವೆಗಳಿಗೆ ಬಿಡದೆ ತಾನೇ ತಿನ್ನುತ್ತಾಳೆ. ಸಾವಿನ ಮನೆಯವರು ಮಾತ್ರ ಮತ್ತೆ ಬಾಗಿಲು ತಟ್ಟತೊಡಗಿದ್ದಾರೆ, ಅವಳು ಹೋಗುತ್ತಾಳೆ.

ಆ ದಿನ ದೂರು ಮಂಜೂರಾಗಿತ್ತೋ ರದ್ದಾಗಿತ್ತೋ ಎಂದು ಸರ್ ಅವರನ್ನು ಕೇಳಿದೆ. ಅವರಿಗೆ ದೂರು ಎಂದರೇನೆಂದು ನೆನಪಿಲ್ಲ. ಬಾಳವ್ವ ಹೇಳಿದ್ದ ಆ ಚಿಕ್ಕ ವಿಷಯ ಯಾವುದು ಎಂದು ಕೇಳಿದೆ, ಅದೂ ನೆನಪಿಲ್ಲ. ನಮ್ಮಿಂದ ಹೋದ ವಿದ್ಯೆ ಕೊಂಡವರಿಗೂ ಸಿಗದೆ ಎಲ್ಲಿಗೆ ಹೋಗುತ್ತದೆ ಎಂದು ಹಿರಿಯರನ್ನು ಕೇಳಿದೆ. ಅವರು ಚಹಾ ಕುಡಿಸಿದರು. ಕೊನೆಗೆ ಬಾಳವ್ವನನ್ನೇ ಕೇಳಿದೆ: “ದೊಡ್ಡವ್ವ, ಅವತ್ತು ನಿನಗ ಅದು ವಾಪಸ್ ಬಂದಿತ್ತೇನ?”

“ನನಗ ಹಸಿವಾಗಿತ್ತವ್ವ” ಎಂದಳು ಅವಳು.

ಅವಳಿಗೆ ಅಂದು ನಿಜಕ್ಕೂ ಹಸಿವಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.